ಮಂಗಳವಾರ, ಶುಕ್ರವಾರದ ಕವಾಯತು

'ಮಕ್ಕಳ ನಡತೆ' ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಮಾತು ಆಡುವವರ ಬಾಯಲ್ಲಿ ಸಾಮಾನ್ಯವಾಗಿ ಏನಾದರೂ ತಿಂಡಿ ಇರುತ್ತದೆ. ನಾನು ಕೆಲಸಕ್ಕೆ ಸೇರಿದ ಹೈಸ್ಕೂಲಿನಲ್ಲಿ ಅದು ಮಂಡಕ್ಕಿ ಮಿರ್ಚಿ. ಶನಿವಾರ ಬೆಳಗಿನ ಶಾಲೆ ಮುಗಿದು ಮಕ್ಕಳು ಹೋದ ಮೇಲೆ ಹೆಡ್ಮಾಸ್ತರ ಕೋಣೆಯಲ್ಲಿ ಸ್ಟಾಫ್ ಮೀಟಿಂಗು. ಜವಾನ ಹೋಟೆಲಿನಿಂದ ಪೊಟ್ಟಣ ತರುವ ತನಕ ಯಾರಿಗೂ ಯಾವ ಹುಡುಗನ ನಡತೆಯೂ ನೆನಪಾಗುತ್ತಿರಲಿಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಶುರು. ಇವನು ಉಡಾಳ, ಇವಳಿಗೆ ಸೊಕ್ಕು, ಮತ್ತೊಬ್ಬನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ. ಮಿರ್ಚಿ ಖಾಲಿಯಾಗುವಷ್ಟರಲ್ಲಿ ಇಡೀ ಶಾಲೆಯ ಹಣೆಬರಹ ಬರೆದು ಮುಗಿಸಿ, ಕೈಗೆ ಹತ್ತಿದ ಎಣ್ಣೆಯನ್ನು ಪೊಟ್ಟಣದ ಕಾಗದಕ್ಕೇ ಒರೆಸಿ ಏಳುತ್ತಿದ್ದರು. ಆ ಮಕ್ಕಳನ್ನು ಕರೆದು ಒಂದು ಮಾತು ಕೇಳೋಣ ಎಂದು ಒಬ್ಬರಿಗೂ ಹೊಳೆದದ್ದು ನಾನು ಕಾಣೆ.

ಅದು ಎಪ್ಪತ್ತರ ದಶಕದ ಕೊನೆ. ಹರಪನಹಳ್ಳಿಯಿಂದ ಚಿಗಟೇರಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಊರಿನದೇನೂ ತಪ್ಪಿಲ್ಲ. ನಾನು ಕೊಟ್ಟೂರಿನವಳು. ಗಣಿತ, ವಿಜ್ಞಾನ ಹೇಳುವುದಕ್ಕೆಂದು ಅಲ್ಲಿಗೆ ಹೋದಾಗ ಸ್ಟಾಫಿನಲ್ಲಿ ನಾನೊಬ್ಬಳೇ ಹೆಂಗಸು. ಹೆಡ್ಮಾಸ್ತರು ಕೂಡ್ಲಿಗಿಯವರು, ದಿನವೂ ಹಣೆತುಂಬ ವಿಭೂತಿ, ಯಾವಾಗಲೂ ತಮ್ಮ ಊರಿಗೆ ವರ್ಗ ಮಾಡಿಸಿಕೊಳ್ಳುವ ಚಿಂತೆ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, "ನೀವು ಬಂದದ್ದು ಬಾಳ ಚಲೋ ಆತು ನೋಡ್ರಿ. ಇನ್ನ ಹೆಣ್ಣುಹುಡುಗೂರ ಸಮಸ್ಯೆ ಎಲ್ಲಾ ನಿಮಗ ಬಿಟ್ಟದ್ದು" ಎಂದರು. ಯಾವ ಸಮಸ್ಯೆ ಸಾರ್ ಎಂದು ಕೇಳಿದೆ. "ಅದ, ಹೆಣ್ಣುಹುಡುಗೂರ ಸಮಸ್ಯೆ" ಎಂದು ಕಿಟಕಿಯ ಕಡೆ ನೋಡತೊಡಗಿದರು.

ಸಮಸ್ಯೆ ಏನೆಂದು ನನಗೆ ಆ ದಿನವೇ ಗೊತ್ತಾಯಿತು. ಗೊತ್ತು ಮಾಡಿಕೊಟ್ಟದ್ದು ನನ್ನ ಹೊಟ್ಟೆ. ಆ ಶಾಲೆಯಲ್ಲಿ ಉಚ್ಚೆ ಹೊಯ್ಯುವುದಕ್ಕೆ ಜಾಗವಿರಲಿಲ್ಲ. ಹುಡುಗರು ಹಿಂದಿನ ಬೇಲಿಗೆ ನಿಲ್ಲುತ್ತಿದ್ದರು, ಮಾಸ್ತರರೂ ಅಷ್ಟೇ, ಸ್ವಲ್ಪ ಆಚೆಯ ಬೇಲಿ. ಹೆಣ್ಣುಮಕ್ಕಳು ಮೊದಲೆಲ್ಲ ನಾಲ್ಕಾರು ಮಂದಿ ಕೂಡಿ ಹಳ್ಳದ ಕಡೆ ಜಾಲಿಗಿಡಗಳ ಮರೆಗೆ ಹೋಗುತ್ತಿದ್ದರಂತೆ. ಇಬ್ಬರು ಕಾಯುವುದು, ಉಳಿದವರು ಹೋಗುವುದು. ನಾನು ಬರುವ ಮುಂಚೆಯೇ ಒಂದು ಶನಿವಾರದ ಮೀಟಿಂಗಿನಲ್ಲಿ ಅದಕ್ಕೂ ಕಲ್ಲು ಹಾಕಿದ್ದರು. ಹುಡುಗಿಯರು ಗುಂಪು ಕಟ್ಟಿಕೊಂಡು ಹೋಗಿ ಹರಟೆ ಹೊಡೆಯುತ್ತಾರೆ, ನಡತೆ ಕೆಡುತ್ತದೆ, ಇನ್ನು ಮೇಲೆ ಒಬ್ಬೊಬ್ಬರೇ ಕೇಳಿಕೊಂಡು ಹೋಗಬೇಕು. ಆ ಹಳ್ಳದ ಪಕ್ಕದಲ್ಲೇ ಗಾಡಿ ಓಡಾಡುವ ದಾರಿ. ಅಲ್ಲಿಗೆ ಒಬ್ಬಳೇ ಹುಡುಗಿ ಹೋಗುತ್ತಾಳೆಯೇ? ಹೋಗಲಿಲ್ಲ. ಹುಡುಗಿಯರು ಹೊರಗೆ ಹೋಗುವುದು ನಿಂತೇ ಹೋಯಿತು. ಅದನ್ನು ಮಾಸ್ತರರು ಶಿಸ್ತು ಎಂದು ಕರೆದರು.

ನನಗೊಂದು ಬಾಡಿಗೆ ಮನೆ ಸಿಕ್ಕಿತ್ತು, ಶಾಲೆಯ ಹಿಂದಿನ ಓಣಿಯಲ್ಲೇ. ಹಿತ್ತಿಲಲ್ಲಿ ಗೋಡೆ ಕಟ್ಟಿದ ಬಚ್ಚಲು. ಮಧ್ಯಾಹ್ನ ಊಟಕ್ಕೆಂದು ಹೋಗಿ ಬರುತ್ತಿದ್ದೆ, ಅದರಿಂದ ಬದುಕಿದೆ. ಆದರೂ ಬೆಳಿಗ್ಗೆ ಒಂದು ಲೋಟ ಚಹಾ ಬಿಟ್ಟರೆ ಹನಿ ನೀರು ಮುಟ್ಟುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ನಡೆದು ಬರುವ ಹುಡುಗಿಯರಿಗೆ ಆ ಬಚ್ಚಲೂ ಇಲ್ಲ. ಬೆಳಗಿನ ಜಾವ ಹೆಂಗಸರ ಜೊತೆ ಊರ ಹೊರಗೆ ಹೋಗಿ ಬಂದರೆ ಮತ್ತೆ ಕತ್ತಲಾದ ಮೇಲೆಯೇ. ಒಂದು ದಿನ ಊಟಕ್ಕೆ ಮನೆಗೆ ಹೋಗದೆ ಬೇವಿನ ಮರದ ಕೆಳಗೆ ಅವರ ಜೊತೆ ಕುಳಿತೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ನನಗೆ ಎರಡನೇ ತುತ್ತಿಗೇ ಗಂಟಲು ಹಿಡಿಯಿತು. ಅವರು ನೀರಿನ ಹರವಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಉಗುಳಿ ಬಂದು ಕೂತರು. ಯಾಕ್ರೇ ನೀರು ಕುಡಿಯುವುದಿಲ್ಲವೇ ಎಂದೆ. ಒಬ್ಬಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, "ಕುಡಿದ್ರ ಹೋಗಬೇಕಾಗ್ತತಲ್ರೀ ಅಕ್ಕೋರ" ಎಂದಳು.

ಹಾಗೆ ಹೇಳಿದವಳು ಒಂಬತ್ತನೇ ಇಯತ್ತೆಯ ಹುಡುಗಿ. ಎತ್ತರದ ಆಳು, ಸ್ವಲ್ಪ ಗೂನುಬೆನ್ನು ಮಾಡಿಕೊಂಡು ನಡೆಯುವಳು. ಬೀಜಗಣಿತದ ಲೆಕ್ಕ ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿ ತಲೆ ತಗ್ಗಿಸುವಳು. ತಂದೆ ಇಲ್ಲ. ತಾಯಿ ಕೂಲಿ ಮಾಡುತ್ತಿದ್ದಳು. ತಾಯಿಯ ಅಣ್ಣ, ಕಲ್ಲು ಒಡೆಯುವ ಕೆಲಸದವನು, ಆ ಮನೆಗೆ ಯಜಮಾನ. ಅವಳನ್ನು ಎಸ್ಸೆಸ್ಸೆಲ್ಸಿ ದಾಟಿಸಬೇಕೆಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

ಮುಂದಿನ ಶನಿವಾರ ಮೀಟಿಂಗಿನಲ್ಲಿ ನಾನು ವಿಷಯ ಎತ್ತಿದೆ. ಹೊಸಬಳು, ಸಂಕೋಚದಿಂದಲೇ ಎತ್ತಿದೆ. "ಹೆಣ್ಣುಮಕ್ಕಳಿಗೆ ಒಂದು ಮರೆ ಬೇಕಾಗಿತ್ರೀ ಸಾರ್" ಎಂದೆ. ಕೋಣೆಯಲ್ಲಿ ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಹೆಡ್ಮಾಸ್ತರು ಕೆಮ್ಮಿದರು. "ನೋಡೂಣು, ನೋಡೂಣು. ಮುಂದಿನ ವಿಷಯ ಏನ್ರಿ?" ಎಂದರು. ಮುಂದಿನ ವಿಷಯ ಕವಾಯತು. ಡ್ರಿಲ್ ಮಾಸ್ತರು ಹಡಗಲಿ ಕಡೆಯವರು, ಗರಡಿಯ ಮೈ, ಸೀಟಿ ಇಲ್ಲದೆ ಮಾತೇ ಆಡಲು ಬಾರದವರು. ಮಕ್ಕಳಲ್ಲಿ ಚುರುಕಿಲ್ಲ, ಎಲ್ಲರೂ ತೂಕಡಿಸುತ್ತಾರೆ, ಆದ್ದರಿಂದ ವಾರಕ್ಕೆ ಎರಡು ಸಲ ಕೊನೆಯ ಪಿರಿಯಡ್ಡಿನಲ್ಲಿ ಇಡೀ ಶಾಲೆಗೆ ಕವಾಯತು ಮಾಡಿಸಬೇಕು ಎಂದು ಅವರ ಸೂಚನೆ. ಯಾವ ದಿನ ಎಂದು ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಸೋಮವಾರ ಹೆಡ್ಮಾಸ್ತರು ಬೇಗ ದೇವಸ್ಥಾನಕ್ಕೆ ಹೋಗಬೇಕು, ಬುಧವಾರ ಗುರುವಾರ ಯಾರಿಗೋ ಇನ್ನೇನೋ. ಕೊನೆಗೆ ಮಂಗಳವಾರ, ಶುಕ್ರವಾರ ಎಂದು ಗೊತ್ತಾಯಿತು. ಗೊತ್ತು ಮಾಡಿದವರು ಇವರೇ. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ನಮ್ಮ ಕಡೆ ಬಿಸಿಲು ಶಿವರಾತ್ರಿಗೂ ಕಾಯುವುದಿಲ್ಲ. ಕಪ್ಪು ನೆಲ ಕಾದು, ಕಾಲಿಡುವ ಹಾಗಿರಲಿಲ್ಲ. ಒಂದು ಮಂಗಳವಾರ ಕವಾಯತಿನ ನಡುವೆ ಆ ಒಂಬತ್ತನೇ ಇಯತ್ತೆಯ ಹುಡುಗಿ ತೂಗಾಡಿ, ಕೈ ಎರಡೂ ಮೇಲೆತ್ತಿಕೊಂಡೇ ಬಿದ್ದಳು. ಜಡೆ ಬಿಚ್ಚಿ ಹೋಯಿತು. ಕಣ್ಣುಗುಡ್ಡೆ ಮೇಲೆ ಸಿಕ್ಕಿತ್ತು. ಡ್ರಿಲ್ ಮಾಸ್ತರು ಓಡಿ ಬಂದು ಚೊಂಬಿನಲ್ಲಿ ನೀರು ಹಿಡಿದರು. ಅವಳು ಹಲ್ಲು ಕಚ್ಚಿಕೊಂಡು ಚೊಂಬನ್ನು ಕೈಯಿಂದ ತಳ್ಳಿದಳು. "ನೀರು ಒಲ್ಲೆ, ಒಲ್ಲೆ" ಎಂದಳು. ಅರೆಪ್ರಜ್ಞೆಯಲ್ಲೂ ಅವಳಿಗೆ ಆ ಭಯವೇ ಮೊದಲು ನೆನಪಾಗಿತ್ತು. ನಾನು ಗುಂಪು ಸರಿಸಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೆಲ್ಲಗೆ ಕಿವಿಯಲ್ಲಿ, ಕುಡಿ, ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದ ಮೇಲೆಯೇ ಬಾಯಿ ತೆರೆದಳು.

ಶುಕ್ರವಾರ ಮತ್ತೆ ಬಿದ್ದಳು. ಆ ಹೊತ್ತಿಗೆ ಹೆಡ್ಮಾಸ್ತರು ವರಾಂಡದಲ್ಲಿ ನಿಂತಿದ್ದರು. ಅವರ ಮುಖ ನೋಡಿಯೇ ನನಗೆ ಏನೋ ಎಡವಟ್ಟು ಎನಿಸಿತು. ಅವರು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದು ಬಂದರು.

"ಮಂಗಳವಾರ, ಶುಕ್ರವಾರ. ಕೂದಲಾ ಬಿಚ್ಚೈತಿ. ನೀರು ಒಲ್ಲೆ ಅಂತಾಳ. ಇದು ಆಕಿ ಅಲ್ಲ. ಉಚ್ಚಂಗೆಮ್ಮ ಬಂದಾಳ" ಎಂದರು.

ಉಚ್ಚಂಗೆಮ್ಮ ನಮ್ಮ ಕಡೆಯ ದುರ್ಗದ ದೇವಿ, ಮಂಗಳವಾರ ಶುಕ್ರವಾರ ಅವಳ ವಾರ. ಅಷ್ಟೇ ಸಾಕಾಯಿತು. ಒಬ್ಬರು ಬೇವಿನ ಸೊಪ್ಪು ಮುರಿದು ತಂದರು. ಜವಾನ ಅಂಗಡಿಗೆ ಓಡಿ ನಿಂಬೆಹಣ್ಣು, ಕುಂಕುಮ ತಂದ. ಜವಾನ ಮಿರ್ಚಿಗೂ ಅಷ್ಟು ಬೇಗ ಓಡಿದ್ದನ್ನು ನಾನು ನೋಡಿರಲಿಲ್ಲ. ಹೆಡ್ಮಾಸ್ತರು ಎರಡೂ ಕೈ ಮುಗಿದು, "ತಾಯಿ, ಈ ಸಲ ನನಗ ಕೂಡ್ಲಿಗಿಗೆ ವರ್ಗ ಆಗ್ತತೇನವಾ?" ಎಂದು ಕೇಳಿದರು. ಹುಡುಗಿಯ ತಲೆ ಸುಸ್ತಿಗೆ ವಾಲಿತು. "ಹೂಂ ಅಂದ್ಲು!" ಎಂದು ಅವರ ಕಣ್ಣಲ್ಲಿ ನೀರು. ಆಮೇಲೆ ಡ್ರಿಲ್ ಮಾಸ್ತರು ತಂಗಿಯ ಮದುವೆ ಕೇಳಿದರು. ನಾಲ್ಕು ಡಿಗ್ರಿ ಸರ್ಟಿಫಿಕೇಟು ಒಂದೇ ಕಡೆ ಸೇರಿ ಒಂದು ಕೂಸಿನ ಮುಂದೆ ಸಾಲಾಗಿ ನಿಂತದ್ದು ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಡೆಗೆ ಬಂದದ್ದು ಸಿಟ್ಟು. "ಸಾರ್, ಆಕಿಗೆ ಬಿಸಿಲು ಹತ್ತೇತಿ. ದಾರಿ ಬಿಡ್ರಿ" ಎಂದು ಕೂಗಿದೆ. "ಅಕ್ಕೋರ, ಮೆತ್ತಗೆ ಮಾತಾಡ್ರಿ, ಅಮ್ಮ ಅದಾಳ" ಎಂದು ನನ್ನನ್ನೇ ಗದರಿಸಿದರು.

ಅವಳು ಆಮೇಲೆ ನನ್ನ ಮನೆಯ ಹಿತ್ತಿಲಲ್ಲಿ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ಕೆಳಹೊಟ್ಟೆ ಹಿಂಡುತ್ತದೆ, ಉರಿಯುತ್ತದೆ, ಯಾರಿಗೂ ಹೇಳಿಲ್ಲ ಎಂದಳು. "ಸಾರ್ ಯಾಕ್ರೀ ನನಗ ಕೈ ಮುಗಿದ್ರು? ನನಗ ಹೆದ್ರಿಕಿ ಆತು" ಎಂದಳು. ಆ ಸಂಜೆಯೇ ಅವಳನ್ನು ಹರಪನಹಳ್ಳಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿಯಬೇಕು ಎಂದರು.

ನಾನು ಇದನ್ನು ಒಂದು ಹುಚ್ಚಾಟ ಎಂದುಕೊಂಡಿದ್ದೆ. ಆದರೆ ಶಾಲೆಯ ಮಾತು ಶಾಲೆಯಲ್ಲಿ ನಿಲ್ಲುವುದಿಲ್ಲ. ಮರುದಿನವೇ ಅವಳ ತಾಯಿ ಬಂದಳು. ಶನಿವಾರ, ಸರಿಯಾಗಿ ಮೀಟಿಂಗಿನ ಹೊತ್ತು. ಕೂಲಿ ಬಿಟ್ಟು ಬಂದಿದ್ದಳು, ಕಾಲಿಗೆ ಇನ್ನೂ ಹೊಲದ ಮಣ್ಣು. ಬಾಗಿಲಲ್ಲೇ ನಿಂತು ಸೆರಗು ಹೊದ್ದುಕೊಂಡು ಹೇಳಿದಳು:

"ಸಾರ್, ನಮ್ಮಣ್ಣ ನನ್ನ ಮಗಳಿಗೆ ಮುತ್ತು ಕಟ್ತೀನಿ ಅಂತ ಕುಂತಾನ್ರೀ. ಬರೂ ಹುಣ್ಣಿವಿಗೆ ಅಮ್ಮನ ದುರ್ಗಕ್ಕ ಕರಕೊಂಡು ಹೋಗ್ತಾನಂತ. ಸಾಲಿ ಮಾಸ್ತರ್ರ ಅಮ್ಮ ಬಂದಾಳ ಅಂದಾರ, ಓದಿದವರು ಸುಳ್ಳು ಹೇಳ್ತಾರೇನು ಅಂತಾನ. ನೀವು ಒಂದು ಮಾತು ಅಲ್ಲ ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾನ."

ಮುತ್ತು ಕಟ್ಟುವುದೆಂದರೆ ಹುಡುಗಿಯನ್ನು ದೇವಿಗೆ ಬಿಡುವುದು. ಆಮೇಲೆ ಅವಳಿಗೆ ಮದುವೆ ಇಲ್ಲ, ಶಾಲೆ ಇಲ್ಲ, ಊರ ಗಂಡಸರ ಕಣ್ಣು ತಪ್ಪಿಸಿ ಬದುಕುವ ದಾರಿಯೂ ಇಲ್ಲ. ಹೆಸರು ದೇವಿಯದು, ಬದುಕು ಹಾಳಾಗುವುದು ಹುಡುಗಿಯದು. ಆ ಕೋಣೆಯಲ್ಲಿದ್ದ ಒಬ್ಬರಿಗೂ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಎಲ್ಲರ ಊರಲ್ಲೂ ಅಂಥ ಮನೆಗಳಿದ್ದವು.

ನಾನು ಹೆಡ್ಮಾಸ್ತರ ಮುಖ ನೋಡಿದೆ. ಅವರು ಮಂಡಕ್ಕಿಯಲ್ಲಿದ್ದ ಶೇಂಗಾ ಬೀಜ ಆರಿಸುತ್ತಿದ್ದರು. "ಅದು ನಿಮ್ಮ ಮನೀ ವಿಚಾರವಾ. ದೇವ್ರ ವಿಚಾರ. ಅಮ್ಮ ಇಲ್ಲ ಅನ್ನಾಕ ನಾನು ಯಾರು?" ಎಂದರು.

ಅಮ್ಮ ಬಂದಿದ್ದಾಳೆ ಎನ್ನುವುದಕ್ಕೆ ಇವರಿಗೆ ಎಲ್ಲ ಅಧಿಕಾರವೂ ಇತ್ತು. ಬಂದಿಲ್ಲ ಎನ್ನುವಾಗ ಮಾತ್ರ ತಾವು ಯಾರೂ ಅಲ್ಲ! ನನ್ನ ತಾಳ್ಮೆ ಅಲ್ಲಿಗೆ ತೀರಿತು. ಎದ್ದು ನಿಂತೆ. ಏನೇನು ಅಂದೆ ಎಂಬುದು ಪೂರ್ತಿ ನೆನಪಿಲ್ಲ, ಈ ಮಾತು ನೆನಪಿದೆ:

"ಆ ಹುಡುಗಿಗೆ ಉಚ್ಚಿ ಹೊಯ್ಯಾಕ ಜಾಗ ಇಲ್ರೀ ಸಾರ್. ಬೆಳಿಗ್ಗಿಂದ ತಡಕೊಂಡು ಕೂಡ್ತಾಳ. ತಡಕೊಳ್ಳಾಕ ಆಗಂಗಿಲ್ಲಂತ ನೀರು ಕುಡಿಯಂಗಿಲ್ಲ. ನೀರು ಕುಡಿಯದ ಕೂಸಿನ್ನ ನೀವು ಬಿಸಿಲಾಗ ಕುಣಿಸ್ತೀರಿ. ಬಿದ್ರ ಕೈ ಮುಗೀತೀರಿ. ಮಂಗಳವಾರ ಶುಕ್ರವಾರ ಅಂತ ಟೈಮ್‌ಟೇಬಲ್ ಹಾಕಿದವರು ನೀವು, ಉಚ್ಚಂಗೆಮ್ಮ ಅಲ್ಲ!"

ಒಬ್ಬ ಮಾಸ್ತರು ಕಿವಿ ಮುಚ್ಚಿಕೊಂಡರು. ನಿಜವಾಗಿ, ಎರಡೂ ಕೈಯಿಂದ. ಹೆಡ್ಮಾಸ್ತರ ಮುಖ ಕೆಂಪಾಯಿತು. "ಒಬ್ಬ ಹೆಣ್ಣುಮಗಳು ಆಡೂ ಮಾತೇನ್ರೀ ಇದು? ಗಂಡಸ್ರ ಮುಂದ? ಮೊದಲ ನಿಮ್ಮ ನಡತಿ ನೋಡಿಕೊಳ್ರಿ" ಎಂದರು. ಒಂದು ಹುಡುಗಿಯ ಬದುಕು ಬೀದಿಗೆ ಬೀಳುವುದು ಅವರಿಗೆ ನಾಚಿಕೆ ಅನಿಸಲಿಲ್ಲ. ಉಚ್ಚೆ ಎಂದದ್ದು ನಾಚಿಕೆ ಆಯಿತು.

ಆ ಮಧ್ಯಾಹ್ನವೇ ನಾನು ತಾಯಿಯ ಜೊತೆ ಅವರ ಹಳ್ಳಿಗೆ ನಡೆದೆ. ಅವಳ ಅಣ್ಣ ಕಟ್ಟೆಯ ಮೇಲೆ ಕುಳಿತು ಉಳಿ ಹಣಿದು ಚೂಪು ಮಾಡುತ್ತಿದ್ದ. ರಾಕ್ಷಸನನ್ನು ನೋಡಲು ಹೋದವಳಿಗೆ ಕಂಡದ್ದು ಕೈತುಂಬ ಜಡ್ಡು ಬಿದ್ದ ಒಬ್ಬ ದಣಿದ ಮನುಷ್ಯ. ನೀರು ಕೊಡಿಸಿದ, ಕಂಬಳಿ ಹಾಸಿ ಕೂರಿಸಿದ. ನಾನು ಹೇಳಿದ್ದನ್ನೆಲ್ಲ ಕೇಳಿದ.

"ಅಕ್ಕೋರ, ನೀವು ಒಬ್ಬಾಕಿ ಅಲ್ಲ ಅಂತೀರಿ. ಅಷ್ಟೂ ಮಂದಿ ಮಾಸ್ತರ್ರು ಹೌದು ಅಂತಾರ. ಹೆಡ್ಮಾಸ್ತರ್ರ ಕೈ ಮುಗಿದು ನಿಂತಿದ್ದು ನಮ್ಮೂರ ಹುಡುಗ್ರು ನೋಡ್ಯಾರ. ಯಾರ ಮಾತು ಹಿಡೀಲಿ ನಾನು? ಅಮ್ಮ ಒಲಿದು ಬಂದಾಗ ಒಲ್ಲೆ ಅಂದ್ರ ಮನಿಗೆ ಕೇಡಲ್ಲೇನು?"

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಆದರೆ ಅವನು ಅಕ್ಷರ ಬಲ್ಲವರ ಮಾತನ್ನು ನಂಬಿದ್ದ. ನಂಬು ಎಂದು ನಾವೇ ಊರೂರಿಗೆ ಹೇಳಿಕೊಂಡು ತಿರುಗುತ್ತೇವಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿದ. ಬರುವ ಮಂಗಳವಾರ ತಾನೇ ಶಾಲೆಗೆ ಬಂದು ನೋಡುತ್ತೇನೆ ಎಂದ.

ಸೋಮವಾರ ಡ್ರಿಲ್ ಮಾಸ್ತರು ನನ್ನನ್ನು ವರಾಂಡದ ಮೂಲೆಗೆ ಕರೆದರು. ಶನಿವಾರದ ಮಾತು ಅವರಿಗೆ ಎಲ್ಲೋ ತಾಗಿತ್ತು. ದನಿ ಸಣ್ಣ ಮಾಡಿಕೊಂಡು, "ಅಕ್ಕೋರ, ಒಂದು ಉಪಾಯ ಐತಿ. ಹುಡುಗಿಗೇ ಹೇಳಿಕೊಡ್ರಿ. ನಾಳೆ ಮೈಮ್ಯಾಲೆ ಬಂದಂಗ ಮಾಡಿ, ನನಗ ಈ ಹುಡುಗಿ ಬ್ಯಾಡ, ಓದಾಕ ಬಿಡ್ರಿ ಅಂದುಬಿಡ್ಲಿ. ಅಮ್ಮನ ಮಾತು ಯಾರು ಮೀರ್ತಾರ?" ಎಂದರು.

ಒಳ್ಳೆಯ ಉಪಾಯವೇ. ಒಂದು ಗಳಿಗೆ ನನಗೂ ಆಸೆಯಾಯಿತು. ಆದರೆ ಬೇಡ ಎನ್ನುವುದಕ್ಕೆ ಅಮ್ಮ ಬರಬಹುದಾದರೆ ನಾಳೆ ಬೇಕು ಎನ್ನುವುದಕ್ಕೂ ಬರುತ್ತಾಳೆ. ಆ ಹುಡುಗಿ ಬದುಕಿರುವ ತನಕ ಯಾರಾದರೊಬ್ಬರು ಅವಳ ಮುಂದೆ ನಿಂಬೆಹಣ್ಣು ಹಿಡಿದು ನಿಲ್ಲುತ್ತಾರೆ. ಆಕೆಗೆ ಇನ್ನೂ ಎಷ್ಟು ಸುಳ್ಳು ಹೊರಿಸೋಣ ಮಾಸ್ತರೇ ಎಂದೆ. ಅವರು ಸೀಟಿ ಕೊರಳಿಗೆ ಹಾಕಿಕೊಂಡು ಹೊರಟರು. ಒಂದು ಸಹಾಯ ಮಾಡಿ, ನಾಳೆಯ ಕವಾಯತು ಒಂದು ಚೂರೂ ಕಡಿಮೆ ಮಾಡಬೇಡಿ ಎಂದೆ.

ಮಂಗಳವಾರ ಮಧ್ಯಾಹ್ನ ನಾನು ಯಾರನ್ನೂ ಕೇಳಲಿಲ್ಲ. ಶಾಲೆಯ ಹುಡುಗಿಯರನ್ನೆಲ್ಲ ಗುಂಪಾಗಿಯೇ, ಹೌದು ಗುಂಪಾಗಿಯೇ, ಹೆಡ್ಮಾಸ್ತರ ಕಿಟಕಿಯ ಮುಂದೆಯೇ ನನ್ನ ಮನೆಗೆ ನಡೆಸಿಕೊಂಡು ಹೋದೆ. ಹಂಡೆತುಂಬ ನೀರು ತುಂಬಿಸಿಟ್ಟಿದ್ದೆ. ಒಬ್ಬೊಬ್ಬಳೂ ಮೊದಲು ಹಿತ್ತಿಲಿಗೆ, ಆಮೇಲೆ ಹಂಡೆಗೆ. ನಾಚಿಕೆ ಬಿಟ್ಟು, ಗಟಗಟ, ಗದ್ದದಿಂದ ನೀರು ಸುರಿಸಿಕೊಂಡು ಕುಡಿದರು. ಮಕ್ಕಳಿಗೆ ನೀರು ಕುಡಿಯುವುದಕ್ಕೂ ಹೆದರುವ ಸ್ಥಿತಿ ತಂದಿಟ್ಟವರು ಮಕ್ಕಳ ನಡತೆಯ ಬಗ್ಗೆ ಮಾತಾಡುತ್ತಾರೆ.

ಕೊನೆಯ ಪಿರಿಯಡ್ಡು. ಹುಡುಗಿಯ ಮಾವ ಬಂದು ಬೇವಿನ ಮರದ ಕೆಳಗೆ ನಿಂತಿದ್ದ, ತಾಯಿ ಅವನ ಹಿಂದೆ. ವರಾಂಡದಲ್ಲಿ ತಟ್ಟೆಯಲ್ಲಿ ಬೇವು, ನಿಂಬೆಹಣ್ಣು ತಯಾರು. ಡ್ರಿಲ್ ಮಾಸ್ತರು ಮಾತು ಉಳಿಸಿಕೊಂಡರು, ಬೆವರು ಕಿತ್ತು ಬರುವ ಹಾಗೆ ಕವಾಯತು ಮಾಡಿಸಿದರು. ಹುಡುಗಿ ಮೊದಲ ಸಾಲಿನಲ್ಲಿದ್ದಳು. ಕೈ ಮೇಲೆ, ಕೈ ಕೆಳಗೆ, ಬಗ್ಗು, ಏಳು. ಅವಳು ತೂಗಾಡಲಿಲ್ಲ. ಸೀಟಿ ಊದಿ ಎಲ್ಲ ಮುಗಿದಾಗಲೂ ಕಂಬದ ಹಾಗೆ ನಿಂತಿದ್ದಳು.

ನನಗೆ ಗೆದ್ದೆ ಎನಿಸಿತು. ನಾನು ಎಂಥ ಪೆದ್ದಿ! ಹೆಡ್ಮಾಸ್ತರು ತಟ್ಟೆಯ ಹತ್ತಿರ ನಿಂತು, ಮಾವನಿಗೆ ಕೇಳುವ ಹಾಗೆ ಲೊಚಗುಟ್ಟಿದರು. "ಇವತ್ತು ಬರಲಿಲ್ಲ ಅಮ್ಮ. ಏನೋ ಮೈಲಿಗಿ ಆಗೇತಿ. ಸಿಟ್ಟಾಗ್ಯಾಳ" ಎಂದು ನನ್ನ ಕಡೆ ನೋಡಿದರು. ಬಿದ್ದರೆ ಅಮ್ಮ ಬಂದಳು, ಬೀಳದಿದ್ದರೆ ಅಮ್ಮ ಮುನಿದಳು. ಆ ತಲೆಯೊಳಗೆ ಹುಡುಗಿಗೆ ಜಾಗವೇ ಇರಲಿಲ್ಲ. ಮಾವನ ಮುಖದಲ್ಲಿ ಹೆದರಿಕೆ ಕಂಡಿತು. ಸಿಟ್ಟಾದ ದೇವಿಗೆ ಇನ್ನೂ ಬೇಗ ಒಪ್ಪಿಸಬೇಕು ಎಂದು ಅವನು ಲೆಕ್ಕ ಹಾಕುತ್ತಿರುವುದು ನನಗೆ ತಿಳಿದುಹೋಯಿತು. ನಾನು ಬಾಯಿ ತೆರೆದೆ.

ಮಾತಾಡಿದವಳು ಹುಡುಗಿ. ಸಾಲು ಬಿಟ್ಟು ಮುಂದೆ ಬಂದಳು. ಅವಳ ಬೆನ್ನು ನೆಟ್ಟಗಿದ್ದದ್ದನ್ನು ನಾನು ನೋಡಿದ್ದು ಅವತ್ತೇ. ಇಡೀ ಶಾಲೆ ಅಲ್ಲೇ ನಿಂತಿತ್ತು, ಹುಡುಗರೂ.

"ಮಾಮ, ನನ್ನ ಮೈಮ್ಯಾಲೆ ಯಾರೂ ಬರಂಗಿಲ್ಲ. ಈ ಸಾಲ್ಯಾಗ ಉಚ್ಚಿ ಹೊಯ್ಯಾಕ ಜಾಗ ಇಲ್ಲ. ಗುಂಪಿನ್ಯಾಗ ಹೋಗಬ್ಯಾಡ್ರಿ ಅಂದಾರ. ಹಳ್ಳದ ಕಡಿ ಒಬ್ಬಾಕಿ ಹೆಂಗ ಹೋಗ್ಲಿ? ಅದಕ್ಕ ನೀರು ಕುಡಿಯಂಗಿಲ್ಲ. ಅದಕ್ಕ ಬೀಳ್ತೀನಿ. ಇವತ್ತು ಅಕ್ಕೋರ ಮನ್ಯಾಗ ಹೋಗಿ ಬಂದೆ, ನೀರು ಕುಡಿದೆ, ಬೀಳಲಿಲ್ಲ. ಅಷ್ಟ ಮಾಮ."

ಹುಡುಗರ ಸಾಲಿನಿಂದ ಒಂದು ಕಿಸಕ್ ಎಂಬ ನಗು ಬಂತು. ಡ್ರಿಲ್ ಮಾಸ್ತರು ಆ ಕಡೆ ತಿರುಗಿದರು, ನಗು ಸತ್ತಿತು. ಆಗ ಎರಡನೇ ಸಾಲಿನ ಒಂದು ಸಣ್ಣ ಹುಡುಗಿ, ಎಂಟನೆಯವಳು, "ನಾನೂ ಕುಡಿಯಂಗಿಲ್ರೀ" ಎಂದಳು. ಅವಳ ಪಕ್ಕದವಳು ತಾನೂ ಎಂದಳು. ಆಮೇಲೆ ಯಾರು ಯಾರು ಎಂದು ಗೊತ್ತಾಗಲಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಮಾವ ಹೆಡ್ಮಾಸ್ತರ ಕಡೆ ನಡೆದ. ಹೆಗಲ ಮೇಲಿನ ಟವೆಲನ್ನು ಮರ್ಯಾದೆಗೂ ತೆಗೆಯಲಿಲ್ಲ. "ಏನ್ರೀ ಸಾರ್, ಇದು ನಿಮಗ ಗೊತ್ತಿರಲಿಲ್ಲೇನು? ಇಷ್ಟು ಮಂದಿ ಓದಿದವರು ಅದೀರಿ. ಕೂಸು ಊರ ಮುಂದ ನಿಂತು ಇದನ್ನ ಬಾಯಿ ಬಿಟ್ಟು ಹೇಳಬೇಕಾತೇನು?"

ಹೆಡ್ಮಾಸ್ತರು ನನ್ನ ಕಡೆ ತಿರುಗಿದರು. ನನಗೆ ಕೇಳುವ ಹಾಗೆ, "ಎಂಥಾ ನಾಚಿಗ್ಗೇಡಿ ಹುಡುಗಿ ತಯಾರ ಮಾಡೀರಿ" ಎಂದು ಒಳಗೆ ಹೋದರು. ನಾಲ್ಕು ದಿನದ ಹಿಂದೆ ಕೈ ಮುಗಿದು ತಾಯಿ ಎಂದ ಬಾಯಿ ಅದು.

ಹುಣ್ಣಿಮೆ ಬಂತು, ಹೋಯಿತು. ದುರ್ಗಕ್ಕೆ ಯಾರೂ ಹೋಗಲಿಲ್ಲ. ಆದರೆ ಹುಡುಗಿ ಶಾಲೆಗೂ ಬರಲಿಲ್ಲ. ಇಂಥ ಶಾಲೆಗೆ ಕಳಿಸುವುದಿಲ್ಲ ಎಂದು ಮಾವ ಹಟ ಹಿಡಿದನಂತೆ. ನಾನು ಮತ್ತೆ ಹೋದೆ, ತಾಯಿ ಅಣ್ಣನ ಮುಂದೆ ಕೂತು ಎರಡು ದಿನ ಉಣ್ಣಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಗಾಡಿಯ ಮೇಲೆ ಚಪ್ಪಡಿ ಕಲ್ಲು ಹೇರಿಕೊಂಡು ಅವನೇ ಶಾಲೆಗೆ ಬಂದ. ಬೇಲಿಯ ಪಕ್ಕದಲ್ಲಿ ಗುಂಡಿ ತೋಡಿ ಕಲ್ಲು ನಿಲ್ಲಿಸಿದ, ನೆಲಕ್ಕೂ ಕಲ್ಲು ಹಾಕಿದ. ಮೇಲೆ ಸೂರಿಲ್ಲ, ತಗಡಿನ ಒಂದು ಬಾಗಿಲು. ಡ್ರಿಲ್ ಮಾಸ್ತರು ಅಂಗಿ ಬಿಚ್ಚಿಟ್ಟು ಕಲ್ಲಿಗೆ ಕೈ ಹಚ್ಚಿದರು. ಮರುದಿನ ಹುಡುಗಿ ಬಂದಳು.

ಮುಗಿಯಿತು ಎಂದುಕೊಂಡಿರಾ? ಹೆಡ್ಮಾಸ್ತರು ಆ ತಗಡಿನ ಬಾಗಿಲಿಗೆ ಬೀಗ ಹಾಕಿಸಿದರು. ನಾಯಿ ನುಗ್ಗುತ್ತವೆ, ಗಂಡುಹುಡುಗರು ಹಾಳು ಮಾಡುತ್ತಾರೆ, ಶಿಸ್ತು ಇರಬೇಕು ಎಂದು ಕಾರಣ. ಬೀಗದ ಕೈ ಅವರ ಮೇಜಿನ ಮೇಲೆ. ಬೇಕಾದವರು ಕೋಣೆಗೆ ಬಂದು ಕೇಳಿ ತೆಗೆದುಕೊಳ್ಳಬೇಕು. ಕೇಳಲು ಬಂದವಳನ್ನು ಅವರು ತಲೆ ಎತ್ತಿ, "ಯಾಕ?" ಎನ್ನುತ್ತಿದ್ದರು. ಹುಡುಗಿ ಕೆಂಪಾಗಿ ವಾಪಸ್ ಬರುತ್ತಿದ್ದಳು. ಎರಡೇ ದಿನದಲ್ಲಿ ಹರವಿಯ ನೀರು ಮೊದಲಿನ ಹಾಗೆ ತುಂಬಿಯೇ ಉಳಿಯತೊಡಗಿತು. ನಾನು ಅವರ ಹತ್ತಿರ ಜಗಳಕ್ಕೆ ಹೋಗಬೇಕೆಂದು ಎದ್ದಿದ್ದೆ.

ನನಗಿಂತ ಮೊದಲು ಅವಳು ಹೋದಳು. ಬಿಡುವಿನ ಗಂಟೆ ಹೊಡೆದ ಕೂಡಲೇ, ಹಿಂದೆ ನಾಲ್ಕಾರು ಹುಡುಗಿಯರನ್ನು ಗುಂಪು ಕಟ್ಟಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಮಾಸ್ತರರೆಲ್ಲ ಚಹಾ ಕುಡಿಯುತ್ತಿದ್ದರು.

"ಬೀಗದ ಕೈ ಕೊಡ್ರಿ ಸಾರ್."

"ಯಾಕ?"

"ಉಚ್ಚಿ ಹೊಯ್ಯಾಕ್ರಿ ಸಾರ್" ಎಂದಳು. ವರಾಂಡದ ಆಚೆಗಿನ ಎಂಟನೇ ಇಯತ್ತೆಗೂ ಕೇಳಿಸಿತು.

ಹೆಡ್ಮಾಸ್ತರು ಚಹಾದ ಬಸಿ ಕೆಳಗಿಟ್ಟರು. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಕೊಟ್ಟರು. ಮಧ್ಯಾಹ್ನ ಮತ್ತೆ ಬಂದಳು, ಅದೇ ಪ್ರಶ್ನೆ, ಅದೇ ಉತ್ತರ, ಅದೇ ಗಟ್ಟಿ ದನಿ. ಮರುದಿನವೂ ಬಂದಳು. ಅದರ ಮರುದಿನ ಬಿಡುವಿನ ಗಂಟೆಗೆ ಮುಂಚೆಯೇ ಹೆಡ್ಮಾಸ್ತರು ಎದ್ದು, ಬೀಗದ ಕೈಯನ್ನು ಹೊರಗೆ ವರಾಂಡದ ಮೊಳೆಗೆ ತೂಗುಹಾಕಿ, ಬಾಗಿಲು ಹಾಕಿಕೊಂಡು ಕುಳಿತರು.